ತೀವ್ರ ಗಾಯಾಳು: ಹತ್ತು ನಿಮಿಷದೊಳಗೆ ಗಾಡಿ ಬಿಡುವುದು

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ 108 ಆಂಬುಲೆನ್ಸಿನ ಹೊತ್ತು ಮೊದಲು ಹೋಗುವುದು ಜಾಗ ಹುಡುಕುವುದರಲ್ಲಿ. "ಕ್ಯಾಂಪ್ ಹತ್ರ ಆಕ್ಸಿಡೆಂಟ್ ಆಗೈತ್ರಿ, ಲಗೂ ಬರ್ರಿ" ಅಂತಾರೆ, ಕಾಲುವೆ ಬದಿಯ ಊರುಗಳಾದ ಕ್ಯಾಂಪುಗಳೋ ಹತ್ತಾರು. ಹಾಗಾಗಿ ಗಾಡಿ ಹೊರಟ ಕೂಡಲೇ ಕರೆ ಮಾಡಿದವರಿಗೆ ಫೋನ್ ಹಚ್ಚಿ ಕಾಲುವೆಯ ಯಾವ ಮಗ್ಗಲು, ಉಪಕಾಲುವೆ ನಂಬರ್ ಎಷ್ಟು, ಎಷ್ಟು ಮಂದಿಗೆ ಪೆಟ್ಟು ಅಂತ ಕೇಳುತ್ತೇನೆ. ಒಬ್ಬರನ್ನು ಟಾರ್ಚ್ ಹಿಡಿದು ಮೇನ್ ರೋಡಿಗೆ ನಿಲ್ಲಿಸಲು ಹೇಳುತ್ತೇನೆ. ರಕ್ತ ಹರಿಯುತ್ತಿದ್ದರೆ, "ಟವೆಲ್ ಮಡಚಿ ಗಟ್ಟಿ ಒತ್ತಿ ಹಿಡೀರಿ, ನಡುವೆ ತಗದು ನೋಡಬ್ಯಾಡ್ರಿ."

ಗಾಯಾಳು ವಾಹನದಡಿ ಸಿಕ್ಕಿಕೊಂಡಿಲ್ಲದಿದ್ದರೆ ಸ್ಥಳದಲ್ಲಿ 10 ನಿಮಿಷ ಮೀರಬಾರದು. ಮೀರುವುದು ಹೆಚ್ಚಾಗಿ ಸಾಮಾನಿಗಾಗಿ ಗಾಡಿಗೆ ಓಡಾಡುವುದರಿಂದ. ಎರಡು ಟೂರ್ನಿಕೆ (ಕೈಕಾಲಿನ ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ), ಗಾಜ್, 6 ಇಂಚಿನ ರೋಲರ್ ಬ್ಯಾಂಡೇಜ್, ಕತ್ತು ಅಲುಗದಂತೆ ಹಿಡಿಯುವ ಕಾಲರ್, ಉಸಿರಿನ ದಾರಿ ತೆರೆದಿಡುವ ಏರ್‌ವೇ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಬಾಯಿಯ ರಕ್ತ-ವಾಂತಿ ಎಳೆಯುವ ಕೈ ಸಕ್ಷನ್, ಬಟ್ಟೆ ಕತ್ತರಿ ಒಂದೇ ಬ್ಯಾಗಿನಲ್ಲಿಟ್ಟೆ. ಗಾಯಾಳುವನ್ನು ಬೆನ್ನು ಅಲುಗದಂತೆ ಮಲಗಿಸುವ ಸ್ಪೈನ್ ಬೋರ್ಡಿಗೆ ಬೆಲ್ಟುಗಳನ್ನು ಮೊದಲೇ ಪೋಣಿಸಿಟ್ಟರೆ ಪೈಲಟ್ (ಗಾಡಿಯ ಚಾಲಕ) ಒಂದೇ ಸಲಕ್ಕೆ ತರುತ್ತಾರೆ.

ಚಿಮ್ಮುವ ರಕ್ತ ಮೊದಲು, ಉಸಿರಿನ ದಾರಿ ಆಮೇಲೆ. ಟೂರ್ನಿಕೆ ಗಾಯಕ್ಕಿಂತ 2–3 ಇಂಚು ಮೇಲೆ ಬರಬೇಕು, ಕೀಲಿನ ಮೇಲಲ್ಲ. ತೊಡೆಗೆ ಕಟ್ಟುವಾಗ ಪ್ಯಾಂಟಿನ ಜೇಬು ಮುಟ್ಟಿ ನೋಡಿ: ಒಳಗೆ ಮೊಬೈಲೋ ಕೀಲಿಯೋ ಇದ್ದರೆ ಪಟ್ಟಿ ಎಷ್ಟು ತಿರುವಿದರೂ ಬಿಗಿಯಾಗದು. ಅರ್ಧ ಬಿಗಿದದ್ದು ಕಟ್ಟದೇ ಇರುವುದಕ್ಕಿಂತ ಕೆಟ್ಟದ್ದು. ರಕ್ತ ಹೃದಯಕ್ಕೆ ಮರಳುವ ಅಭಿಧಮನಿ ಮಾತ್ರ ಮುಚ್ಚಿ, ಹೃದಯದಿಂದ ರಕ್ತ ತರುವ ಅಪಧಮನಿ ಹರಿಯುತ್ತಲೇ ಇರುತ್ತದೆ, ಸೋರಿಕೆ ಹೆಚ್ಚುತ್ತದೆ. ರಕ್ತ ನಿಂತು, ಕೆಳಗಿನ ನಾಡಿ ಸಿಗದಂತಾಗುವವರೆಗೆ ತಿರುವಿ. ಕಟ್ಟಿದ ಸಮಯವನ್ನು ಮಾರ್ಕರಿನಿಂದ ಆ ಪಟ್ಟಿಯ ಮೇಲೆಯೇ ಬರೆಯುತ್ತೇನೆ. ಸಮಯ ಬರೆದು ಹಣೆಗೆ ಹಚ್ಚಿದ ಪ್ಲಾಸ್ಟರ್ ನಮ್ಮ ಬಿಸಿಲಿನ ಬೆವರಿಗೆ ಕಿತ್ತು ಬರುತ್ತದೆ.

"ಮೊದಲು ಬಾಟಲಿ ಹಾಕ್ರಿ" ಅಂತ ಮನೆಯವರು ಒತ್ತಾಯಿಸುತ್ತಾರೆ. ನರ ಹುಡುಕುವುದು ಗಾಡಿ ಹೊರಟ ಮೇಲೆ. ಡ್ರಿಪ್ ಸುರಿದರೆ ರಕ್ತ ತೆಳುವಾಗಿ, ಹೆಪ್ಪುಗಟ್ಟಿದ ಗಾಯ ಮತ್ತೆ ಸೋರುತ್ತದೆ. ಮೇಲಿನ ಬಿಪಿ 80–90 ನಿಂತರೆ ಸಾಕು. ತಲೆಗೆ ಪೆಟ್ಟಾಗಿದ್ದರೆ ಮಾತ್ರ ಇದು ಸಾಲದು, 110ರಿಂದ ಕೆಳಗಿಳಿಯಬಾರದು. ರಕ್ತಸ್ರಾವ ತಗ್ಗಿಸುವ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್ ಡಾಕ್ಟರ ಆದೇಶ ಇದ್ದರೆ 1 ಗ್ರಾಂ, 10 ನಿಮಿಷದಲ್ಲಿ, ಪೆಟ್ಟಾದ 3 ಗಂಟೆಯೊಳಗೆ.

ರಾಯಚೂರಿನ ಮೇ ತಿಂಗಳಲ್ಲೂ ಒದ್ದೆ ಬಟ್ಟೆ ಕತ್ತರಿಸಿ ಕಂಬಳಿ ಹೊದಿಸುತ್ತೇನೆ, ಎಸಿ ಬಂದ್. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸಾಗಿಸುವ ಮುಂಚೆ ಆಕ್ಸಿಜನ್ ಲೆಕ್ಕ ಹಾಕಿ. 1,500 ಲೀಟರಿನ ತುಂಬಿದ ಸಿಲಿಂಡರ್ ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ಗಂಟೆ ಬರುತ್ತದೆ, ಅರ್ಧವಿದ್ದರೆ 75 ನಿಮಿಷ. ಆಸ್ಪತ್ರೆಗೆ ದಾರಿಯಲ್ಲೇ ಫೋನ್: ವಯಸ್ಸು, ಹೇಗೆ ಪೆಟ್ಟಾಯಿತು, ಗಾಯ ಎಲ್ಲೆಲ್ಲಿ, ನಾಡಿ, ಬಿಪಿ, ಪ್ರಜ್ಞೆ, ಟೂರ್ನಿಕೆ ಕಟ್ಟಿದ ಸಮಯ, ಇನ್ನೆಷ್ಟು ನಿಮಿಷಕ್ಕೆ ತಲುಪುತ್ತೇವೆ.