ಹದಿಮೂರನೇ ದಿನ ಕಳೆದ ಮೇಲೆ

ಕಾರವಾರದಲ್ಲಿ ಆಪ್ತಸಮಾಲೋಚಕಿ ಕೆಲಸ ಶುರು ಮಾಡಿದ ಹೊಸತು. ದೋಣಿ ಮಗುಚಿ ಮಗ ತೀರಿಕೊಂಡಿದ್ದನ್ನು ತಾಯಿಗೆ ಹೇಳಬೇಕಿತ್ತು. ಬಾಯಿ ಬರಲಿಲ್ಲ. "ನಿಮ್ಮ ಮಗ ಹೋಗ್ಬಿಟ್ರು ಅಮ್ಮ" ಅಂದೆ. "ಎಲ್ಲಿಗೆ? ಮಲ್ಪೆಗಾ?" ಅಂತ ಕೇಳಿದರು. ಅವರಿಗೆ ಎರಡು ಸಲ ಹೇಳಬೇಕಾಯಿತು. ಎರಡನೇ ಸಲದ್ದು ನನ್ನ ತಪ್ಪಿನಿಂದ. ಈಗ ಮೊದಲ ಮಾತಿನಲ್ಲೇ "ಜೀವ ಉಳಿಯಲಿಲ್ಲ, ತೀರಿಕೊಂಡಿದ್ದಾರೆ" ಅಂತ ಹೇಳುತ್ತೇನೆ. ಆಮೇಲೆ ಸುಮ್ಮನಿರುತ್ತೇನೆ.

ಶವಾಗಾರದ ಹೊರಗೆ ಕಾಯುವ ಹೊತ್ತು ಬಹಳ ಉದ್ದ. ಪೋಸ್ಟ್‌ಮಾರ್ಟಂ ಅಂದ ಕೂಡಲೇ "ಪೊಲೀಸರಿಗೆ ನಮ್ಮ ಮೇಲೇ ಅನುಮಾನವಾ?" ಅಂತ ಹೆದರುತ್ತಾರೆ. ಅಸಹಜ ಸಾವು ಅಂತ ದಾಖಲಾದರೆ ಇದೆಲ್ಲ ನಡೆಯುವ ಪದ್ಧತಿ, ನಿಮ್ಮ ಮೇಲಿನ ದೂರಲ್ಲ ಅಂತ ಬಿಡಿಸಿ ಹೇಳುತ್ತೇನೆ. 21 ದಿನದೊಳಗೆ ಸಾವು ನೋಂದಾಯಿಸಬೇಕು ಅನ್ನೋದನ್ನು ಮನೆಯ ಯಾರಾದರೊಬ್ಬರ ಕೈಗೆ ಬರೆದುಕೊಡುತ್ತೇನೆ. ಆ ಹೊತ್ತಲ್ಲಿ ಹೇಳಿದ್ದು ಯಾರಿಗೂ ನೆನಪಿರೋದಿಲ್ಲ.

ಹೆಂಗಸರಿಗೆ "ನೋಡಬೇಡ, ತಡ್ಕೊಳ್ಳೋಕಾಗಲ್ಲ" ಅನ್ನುವವರು ಜಾಸ್ತಿ. ನಾನು ಮೊದಲು ಒಳಗೆ ಹೋಗಿ ನೋಡಿ ಬರುತ್ತೇನೆ. ಒಮ್ಮೆ ಒಬ್ಬರಿಗೆ ಹೀಗೆ ಹೇಳಿದೆ: "ಮುಖ ಊದಿದೆ ಅಕ್ಕ, ಗುರುತು ಸಿಗೋದು ಕಷ್ಟ. ಬಲಗೈ ಹಾಗೇ ಇದೆ." ಕೈ ಮಾತ್ರ ನೋಡುತ್ತೇನೆ ಅಂದರು. ಉಳಿದದ್ದಕ್ಕೆ ಬಟ್ಟೆ ಮುಚ್ಚಿಸಿದೆವು. ಬಲೆಯ ಹಗ್ಗ ಎಳೆದೆಳೆದು ದಡ್ಡುಗಟ್ಟಿದ್ದ ಆ ಅಂಗೈಯನ್ನು ತುಂಬಾ ಹೊತ್ತು ಹಿಡಿದು ಕೂತಿದ್ದರು.

"ಆವತ್ತು ಹೋಗಬೇಡ ಅಂದಿದ್ರೆ..." ಅನ್ನೋ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. "ನಿಮ್ಮ ತಪ್ಪಲ್ಲ" ಅಂತ ತಟ್ಟನೆ ಹೇಳಿದರೆ ಅವರ ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ಕೇಳುತ್ತಾ ಕೂರುತ್ತೇನೆ, ಅದೇ ಕತೆ ಹತ್ತನೇ ಸಲ ಬಂದರೂ. ಆದರೆ ಮೊದಲ ದಿನಗಳಲ್ಲಿ ನಾನಾಗಿ ಕೆದಕುವುದಿಲ್ಲ. ಎಲ್ಲವನ್ನೂ ಒಂದೇ ಸಲ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಅನ್ನೋದು ತಪ್ಪು ನಂಬಿಕೆ. ಕೆಲವರಿಗೆ ಅದರಿಂದ ಸಂಕಟ ಇನ್ನೂ ಹೆಚ್ಚಾಗುತ್ತದೆ.

ದೇಹವೇ ಸಿಗದಿದ್ದರೆ ಏನು ಮಾಡೋದು? 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಮಣ್ಣಿನ ಜೊತೆ ಹೋದ ಒಂದು ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನ ಕಾಯುವ ಮನೆಯಲ್ಲಿ ಕ್ರಿಯೆ ಮಾಡೋದೋ ಬೇಡವೋ ಅನ್ನೋದೇ ಜಗಳವಾಗುತ್ತದೆ. ನಾನು ಯಾರ ಪರವೂ ಹಿಡಿಯುವುದಿಲ್ಲ.

ಹದಿಮೂರನೇ ದಿನಕ್ಕೆ ನೆಂಟರು ಹೊರಡುತ್ತಾರೆ. ನನ್ನ ಕೆಲಸ ಜಾಸ್ತಿ ಇರೋದು ಅಲ್ಲಿಂದ ಮುಂದೆ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ರಜೆ, ದೊಡ್ಡ ಬೋಟುಗಳೆಲ್ಲ ದಡದಲ್ಲಿರುತ್ತವೆ. ಆಗಸ್ಟ್‌ನಲ್ಲಿ ಅವು ಮತ್ತೆ ಹೊರಟ ದಿನ ಈ ಮನೆಗಳಿಗೆ ತಪ್ಪದೆ ಫೋನ್ ಮಾಡುತ್ತೇನೆ. ತಿಂಗಳುಗಟ್ಟಲೆ ನಿದ್ದೆ, ಊಟ ಇಲ್ಲದಿದ್ದರೆ, ಸಾಯುವ ಮಾತು ಬಂದರೆ, ಮನೋವೈದ್ಯರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟಿರುತ್ತೇನೆ.

ಕೈ ಹಿಡಿದು ಕೂತಿದ್ದರಲ್ಲ, ಆ ಅಕ್ಕನ ಮನೆಯಲ್ಲಿ ಆಮೇಲೆ ಮೀನು ಬೇಯಲಿಲ್ಲ. "ಅವರನ್ನ ಮೀನು ಮುಟ್ಟಿರ್ತವಲ್ಲ ಅಕ್ಕೋರೆ" ಅಂದಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಬುಟ್ಟಿ ಹೊತ್ತು ಮೀನು ಮಾರುತ್ತಾರೆ, ಮನೆಗೆ ಮಾತ್ರ ಒಯ್ಯುವುದಿಲ್ಲ. ಮೊನ್ನೆ ನಮ್ಮ ಬಾಗಿಲಲ್ಲಿ ನಿಂತು, "ಬಂಗಡೆ ಚಲೋ ಇದೆ, ತಗಂತ್ರಾ?" ಅಂದರು. ಎಂಟು ತಗೊಂಡೆ.