ಟರ್ಬೊ ಕಾರಿಗೆ ಇಂಜೆಕ್ಟರ್ ಆರಿಸಿದ ಬಗೆ

ನನ್ನ ಬಳಿ ಇರುವುದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್, 20 ವಾಲ್ವ್, ಟರ್ಬೊ; ಭಾರತದಲ್ಲಿ ಮಾರಾಟವಾದದ್ದು ಸುಮಾರು 150 ಅಶ್ವಶಕ್ತಿಯದು. ದೊಡ್ಡ ಟರ್ಬೊ ಹಾಕಿಸಿ 250 ಅಶ್ವಶಕ್ತಿಯ ಗುರಿ ಇಟ್ಟುಕೊಂಡ ಮೇಲೆ ಎಂಜಿನ್‌ಗೆ ಇಂಧನ ಸಿಂಪಡಿಸುವ ಮೂಲ ಇಂಜೆಕ್ಟರ್‌ಗಳು ಸಾಲವೆಂಬುದು ಖಚಿತವಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರೊಬ್ಬರು, "ಸಾವಿರ ಸಿಸಿಯದನ್ನೇ ಹಾಕಿಸಿಬಿಡಿ ಸಾರ್, ಮುಂದೆ ಪವರ್ ಹೆಚ್ಚಿಸಿದರೆ ಮತ್ತೆ ಖರ್ಚಿಲ್ಲ" ಎಂದರು. (ಇಲ್ಲಿ ಸಿಸಿ ಎಂದರೆ ಇಂಜೆಕ್ಟರ್ ಒಂದು ನಿಮಿಷಕ್ಕೆ ಹರಿಸುವ ಇಂಧನದ ಅಳತೆ.) ಮಗು ಬೆಳೆಯುತ್ತದೆಂದು ಎರಡು ಅಳತೆ ದೊಡ್ಡ ಚಪ್ಪಲಿ ಕೊಡಿಸುವ ಲೆಕ್ಕ. ನಾನು ಒಪ್ಪಲಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತುವ ಗಳಿಗೆಗಳು ಬೆರಳೆಣಿಕೆಯವು. ಉಳಿದಂತೆ ಈ ಕಾರು ನಿಲ್ಲುವುದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಸಾಲಿನಲ್ಲಿ. ಇಂಜೆಕ್ಟರ್‌ನ ಯೋಗ್ಯತೆ ಬಯಲಾಗುವುದೂ ಅಲ್ಲಿಯೇ.

ಗಾತ್ರದ ಲೆಕ್ಕ ಕಷ್ಟದ್ದಲ್ಲ. ಟರ್ಬೊ ಪೆಟ್ರೋಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.6 ಪೌಂಡ್ ಇಂಧನ ಕುಡಿಯುತ್ತದೆ. 250ಕ್ಕೆ 150 ಪೌಂಡ್. ನಾಲ್ಕು ಸಿಲಿಂಡರ್‌ಗೆ ಹಂಚಿದರೆ ತಲಾ 37.5. ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂದಿಟ್ಟುಕೊಂಡರೆ 47 ಪೌಂಡ್, ಅಂದರೆ ನಿಮಿಷಕ್ಕೆ ಸುಮಾರು 490 ಸಿಸಿ. ಇದಕ್ಕೆ ನಮ್ಮ ಬಂಕ್‌ಗಳ ಇ20 ಪೆಟ್ರೋಲನ್ನು, ಅಂದರೆ ಶೇ. 20 ಎಥೆನಾಲ್ ಬೆರೆತದ್ದನ್ನು, ಸೇರಿಸಿಕೊಳ್ಳಬೇಕು. ಎಥೆನಾಲ್ ಇಲ್ಲದ ಪೆಟ್ರೋಲಿಗೆ ಗಾಳಿ-ಇಂಧನ ಅನುಪಾತ 14.7 ಆದರೆ ಇ20ಕ್ಕೆ ಸುಮಾರು 13.5. ಶೇ. 8ರಿಂದ 9ರಷ್ಟು ಹೆಚ್ಚು ಇಂಧನ ಬೇಕು; 490 ಎಂಬುದು 530 ದಾಟುತ್ತದೆ. ಅಲ್ಲಿಗೆ ಅದಕ್ಕಿಂತ ಚಿಕ್ಕದಾದ 440 ಸಿಸಿಯ ಇಂಜೆಕ್ಟರ್‌ನ ಮಾತು ಮುಗಿಯಿತು, 550 ಸಾಕು ಎಂದಾಯಿತು. ಯಾವ ಒತ್ತಡದಲ್ಲಿ 550 ಎಂದು ಮಾತ್ರ ಕೇಳಲೇಬೇಕು. 3 ಬಾರ್‌ನಲ್ಲಿ 550 ಕೊಡುವ ಇಂಜೆಕ್ಟರ್ 4 ಬಾರ್‌ನಲ್ಲಿ ಸುಮಾರು 635 ಕೊಡುತ್ತದೆ. ಜಾಹೀರಾತಿನಲ್ಲಿ ದೊಡ್ಡ ಅಂಕಿಯನ್ನಷ್ಟೇ ಬರೆದಿರುತ್ತಾರೆ.

ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಡೆಡ್ ಟೈಮ್ ಬಗ್ಗೆ. ವಿದ್ಯುತ್ ಹರಿದ ತಕ್ಷಣ ಇಂಜೆಕ್ಟರ್ ತೆರೆಯುವುದಿಲ್ಲ. ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ಬ್ಯಾಟರಿ ವೋಲ್ಟೇಜ್ ಇಳಿದರೆ ಇನ್ನೂ ತಡ. ನಿಮಿಷಕ್ಕೆ 7000 ಸುತ್ತಿನಲ್ಲಿ ಪ್ರತಿ ಆವರ್ತಕ್ಕೆ, ಅಂದರೆ ಎರಡು ಸುತ್ತಿಗೆ, 17 ಮಿಲಿಸೆಕೆಂಡ್ ಇರುವುದರಿಂದ ಈ ವ್ಯತ್ಯಾಸ ನಗಣ್ಯ. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ, ಹಾಗಲ್ಲ: ಇಂಜೆಕ್ಟರ್ ದೊಡ್ಡದಾದಷ್ಟೂ ಅದು ತೆರೆದಿರಬೇಕಾದ ಹೊತ್ತು ಕಿರಿದಾಗುತ್ತದೆ, ಡೆಡ್ ಟೈಮಿನಲ್ಲಿ ಚೂರು ತಪ್ಪಿದರೂ ಮಿಶ್ರಣ ಕೆಡುತ್ತದೆ. ಹೆಡ್‌ಲೈಟ್ ಹಾಕಿ ಎಸಿ ಒತ್ತಿದೊಡನೆ ಎಂಜಿನ್ ತಡವರಿಸುವುದು ಹೀಗೆಯೇ. ಒಳ್ಳೆಯ ದರ್ಜೆಯ ಸಾವಿರ ಸಿಸಿಯವು ಈಗ ಐಡಲ್‌ನಲ್ಲೂ ಚೆನ್ನಾಗಿ ನಡೆಯುತ್ತವೆ, ನಿಜ. ಅವುಗಳ ಬೆಲೆಯೇ ಬೇರೆ, ಅಂಗಡಿಯಲ್ಲಿ ತೋರಿಸಿದ್ದು ಅವುಗಳನ್ನಲ್ಲ. ವೋಲ್ಟೇಜ್‌ವಾರು ಡೆಡ್ ಟೈಮ್ ಪಟ್ಟಿ ಕೊಡದವರಿಂದ ಕೊಳ್ಳುವುದಿಲ್ಲವೆಂದು ನಿರ್ಧರಿಸಿದೆ. ಅರ್ಧಕ್ಕರ್ಧ ಮಾರಾಟಗಾರರು ಅಲ್ಲೇ ಉದುರಿದರು. ಕೊನೆಗೆ ಕೊಂಡದ್ದು ಬಾಷ್ ಇವಿ14 ಬಗೆಯ 550 ಸಿಸಿ.

ಮಲ್ಟಿಮೀಟರ್ ಹಿಡಿದು ನೋಡಿದರೆ ಅದರ ವಿದ್ಯುತ್ ರೋಧ 12 ಓಮ್. ಕಾರಿನ ಮೂಲ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಇದೇ ಬೇಕು. 2–3 ಓಮ್‌ನವನ್ನು ನೇರವಾಗಿ ಜೋಡಿಸಿದರೆ ಇಂಜೆಕ್ಟರ್‌ಗೆ ವಿದ್ಯುತ್ ಹರಿಸುವ ಇಸಿಯುವಿನ ಡ್ರೈವರ್ ಸರ್ಕ್ಯೂಟ್ ಸುಟ್ಟೀತು. ಉದ್ದ, ಕನೆಕ್ಟರ್ ಎರಡನ್ನೂ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ ಅಡಾಪ್ಟರ್ ತರಿಸಿದೆ.

ಹೊಸದಾದರೂ ಟೆಸ್ಟ್ ಬೆಂಚಿಗೆ ಹಾಕಿಸದೆ ಬಿಡಲಿಲ್ಲ. ಸಾಲಾಗಿ ನಾಲ್ಕು ಗಾಜಿನ ಅಳತೆ ಕೊಳವೆಗಳು, ಮೇಲೆ ನಾಲ್ಕು ಇಂಜೆಕ್ಟರ್. ಪೂರ್ತಿ ತೆರೆದಾಗ ನಾಲ್ಕರಲ್ಲೂ ದ್ರವ ಒಂದೇ ಗೆರೆಗೆ ಬಂತು. ಸಾಮಾನ್ಯವಾಗಿ ಪರೀಕ್ಷೆ ಇಲ್ಲಿಗೇ ಮುಗಿಯುತ್ತದೆ. ನಾನು ಪಲ್ಸನ್ನು, ಅಂದರೆ ಒಂದು ಸಲಕ್ಕೆ ವಿದ್ಯುತ್ ಕೊಡುವ ಹೊತ್ತನ್ನು, 2 ಮಿಲಿಸೆಕೆಂಡಿಗೆ ಇಳಿಸಲು ಹೇಳಿದೆ. ಮೂರನೆಯ ಕೊಳವೆ ಹಿಂದೆ ಬಿತ್ತು. ಆ ಇಂಜೆಕ್ಟರ್‌ನ ಸಿಂಪರಣೆಯೂ ಒಂದು ಬದಿಗೆ ವಾಲಿತ್ತು. ನಾಲ್ಕು ಸಿಲಿಂಡರ್‌ಗಳ ಹೊಗೆಯೂ ಕೂಡುವಲ್ಲಿ ಆಮ್ಲಜನಕ ಸೆನ್ಸರ್ ಇರುವುದರಿಂದ ಅದು ತೋರಿಸುವುದು ಸರಾಸರಿಯನ್ನು. ಒಂದು ಸಿಲಿಂಡರ್‌ಗೆ ಇಂಧನ ಕಡಿಮೆಯಾಗಿ ಅದು ವಿಪರೀತ ಕಾದರೂ ಎಂಜಿನ್ ಹೊಂದಿಸುವ ಟ್ಯೂನರ್‌ನ ಪರದೆಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ, ಪಿಸ್ಟನ್ ಕರಗುವ ತನಕ. ಅದೊಂದನ್ನು ಹಿಂದಿರುಗಿಸಿ, ಬದಲಿಗೆ ಬಂದದ್ದನ್ನೂ ಅದೇ ಬೆಂಚಿನಲ್ಲಿ ಉಳಿದ ಮೂರರ ಜೊತೆ ಅಳೆಸಿದೆ.

ಕೂರಿಸುವಾಗ ಎಥೆನಾಲ್ ತಡೆಯುವ ವಿಟಾನ್ ರಬ್ಬರಿನ ಓ-ರಿಂಗ್‌ಗಳನ್ನೇ (ಸೋರದಂತೆ ತಡೆಯುವ ಬಳೆಗಳನ್ನೇ) ಬಳಸಿ, ಎಂಜಿನ್ ಆಯಿಲ್ ಸವರಿ ಒತ್ತಿದೆ. ಸ್ಟಾರ್ಟ್ ಮಾಡುವ ಮುನ್ನ ಕೀ ತಿರುಗಿಸಿ ಪಂಪ್ ಮಾತ್ರ ಓಡಿಸಿ, ಪ್ರತಿ ಜೋಡಣೆಯ ಸುತ್ತ ಟಿಶ್ಯೂ ಕಾಗದ ಒತ್ತಿ ತೇವ ಇಲ್ಲವೆಂದು ಖಾತ್ರಿ ಮಾಡಿಕೊಂಡೆ.