ಗಾಳಿಗೆ ಆರದ ಬೆಂಕಿ: ಡಬ್ಬಿ ಮುಚ್ಚಳದಲ್ಲಿ ಜೆಟ್ ಎಂಜಿನ್ ತೋರಿಸುವುದು ಹೇಗೆ

ದೇವರಾಯನದುರ್ಗದ ಬೆಟ್ಟದ ಮೇಲೆ ಕರ್ಪೂರ ಹಚ್ಚಲು ಹೋಗಿ ಅರ್ಧ ಬೆಂಕಿಪೊಟ್ಟಣ ಖಾಲಿ ಮಾಡಿದವರಿಗೆ ಜೆಟ್ ಎಂಜಿನ್‌ನ ಕಷ್ಟ ಬೇಗ ಅರ್ಥವಾಗುತ್ತದೆ. ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಕಂಪ್ರೆಸರ್‌ನಿಂದ ಗಾಳಿ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ನುಗ್ಗಿ ಬರುತ್ತದೆ, ಜ್ವಾಲೆ ಹರಡುವುದು ಮಾತ್ರ ಸೆಕೆಂಡಿಗೆ ಕೆಲವೇ ಮೀಟರ್. ಆದರೂ ಬೆಂಕಿ ಆರುವುದಿಲ್ಲ!

ಗುಬ್ಬಿ ಹತ್ತಿರ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆಯಿತಲ್ವಾ, ಅದನ್ನು ನೋಡಿ ಅಕ್ಕನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಥರ್ಮಾಕೋಲ್ ಹೆಲಿಕಾಪ್ಟರ್ ಮಾಡ್ತೀನಿ ಅಂತ ಕೂತಿದ್ದಳು. ಹೊರಗಿನ ರೂಪ ಎಲ್ಲರೂ ಮಾಡ್ತಾರೆ, ಅದರ ಎಂಜಿನ್‌ನಲ್ಲೂ ಜೆಟ್ ಎಂಜಿನ್‌ನಂಥದೇ ಬೆಂಕಿ ಇರುತ್ತೆ, ಅದನ್ನು ತೋರಿಸು ಅಂದೆ.

ಬೇಕಾಗಿರುವುದು ಒಂದು ಮೇಣದಬತ್ತಿ, ಅಂಗೈಯಷ್ಟು ಅಗಲದ ಸ್ಟೀಲ್ ಡಬ್ಬಿ ಮುಚ್ಚಳ, ಒಂದು ಗುಂಡನೆಯ ಬಾಟಲಿ. ಫ್ಯಾನ್ ಆರಿಸಿ, ಜಡೆ ಕಟ್ಟಿಕೊಳ್ಳಿ, ದೊಡ್ಡವರು ಪಕ್ಕದಲ್ಲಿರಲಿ. ರಟ್ಟು ಮಾತ್ರ ಬೇಡ, ಹತ್ತಿಕೊಳ್ಳುತ್ತದೆ. ಮುಚ್ಚಳವನ್ನು ನೆಟ್ಟಗೆ ನಿಲ್ಲಿಸಿ, ಅದರ ಹಿಂದೆ ನಾಲ್ಕು ಬೆರಳು ದೂರದಲ್ಲಿ ಬತ್ತಿ ಹಚ್ಚಿ. ಜ್ವಾಲೆ ಮುಚ್ಚಳದ ನಡುಮಟ್ಟಕ್ಕೆ ಬರಬೇಕು. ಈಗ ಈ ಕಡೆಯಿಂದ ಮುಚ್ಚಳಕ್ಕೆ ನೇರವಾಗಿ ಊದಿ. ಜ್ವಾಲೆ ಆ ಕಡೆ ಓಡುವ ಬದಲು ನಿಮ್ಮ ಕಡೆಗೇ ಬಾಗುತ್ತದೆ. ಬಾಗದಿದ್ದರೆ ಬತ್ತಿಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ, ಸುಮ್ನೆ ಜೋರಾಗಿ ಊದಬೇಡಿ. ಮುಚ್ಚಳದ ಜಾಗದಲ್ಲಿ ಬಾಟಲಿ ಇಟ್ಟು ಊದಿದರೆ ಗಾಳಿ ಅದನ್ನು ಬಳಸಿಕೊಂಡು ಹೋಗಿ ದೀಪ ಆರಿಸಿಬಿಡುತ್ತದೆ. ಮಕ್ಕಳು ಇದನ್ನೇ ಹತ್ತು ಸಲ ಮಾಡಿಸುತ್ತಾರೆ.

ಚಪ್ಪಟೆ ಮುಚ್ಚಳದ ಹಿಂದೆ ಗಾಳಿ ಸುಳಿದು ವಾಪಸ್ ಬರುತ್ತದೆ. ಎಂಜಿನ್‌ಗೂ ಇಂಥದೇ ಸುಳಿ ಬೇಕು. ಮೊದಲು ದಾರಿಯನ್ನು ಅಗಲ ಮಾಡಿ ಗಾಳಿಯ ವೇಗ ಇಳಿಸುತ್ತಾರೆ, ಆಮೇಲೆ ಇಂಧನದ ನಳಿಕೆಯ ಸುತ್ತ ಓರೆ ರೆಕ್ಕೆಗಳನ್ನಿಟ್ಟು ಒಳಬರುವ ಗಾಳಿಯನ್ನು ಗಿರಗಿರನೆ ತಿರುಗಿಸುತ್ತಾರೆ. ಸುಳಿಯ ನಡುವೆ ಒತ್ತಡ ಇಳಿದು, ಉರಿದ ಬಿಸಿ ಅನಿಲವೇ ನಳಿಕೆಯ ಕಡೆ ಹಿಂದಿರುಗಿ ಹೊಸ ಇಂಧನವನ್ನು ಹೊತ್ತಿಸುತ್ತದೆ. ಹಾಗಾಗಿ ಕಿಡಿ ಮುಖ್ಯವಾಗಿ ಬೇಕಾಗುವುದು ಸ್ಟಾರ್ಟ್ ಮಾಡುವಾಗ.

ಚಾರ್ಟ್ ಬರೆಯುವಾಗ ದಹನ ಕೋಣೆಯ ಒಳತಗಡಿಗೆ ತೂತು ಹಾಕಲು ಮರೆಯಬೇಡಿ. ಜ್ವಾಲೆ 2000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ತಗಡಿನ ನಿಕ್ಕಲ್ ಮಿಶ್ರಲೋಹ ಅದಕ್ಕೆ ಮುಂಚೆಯೇ ಕರಗುತ್ತದೆ. ಮತ್ತೆ ಹೇಗೆ ಉಳಿಯುತ್ತದೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಂದ ಗಾಳಿಯಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ ಜ್ವಾಲೆಯ ಬುಡಕ್ಕೆ ಹೋಗುತ್ತದೆ. ಮಿಕ್ಕಿದ್ದರಲ್ಲಿ ಸ್ವಲ್ಪ ಆ ತೂತುಗಳಿಂದ ನುಸುಳಿ, ಕಾವಲಿಗೆ ಎಣ್ಣೆ ಸವರಿದ ಹಾಗೆ ತಗಡಿನ ಮೈಗೆ ತೆಳ್ಳಗೆ ಅಂಟಿಕೊಂಡು ಅದನ್ನು ಕಾಪಾಡುತ್ತದೆ. ಉಳಿದದ್ದು ಮುಂದಿನ ದೊಡ್ಡ ತೂತುಗಳಿಂದ ಒಳಹೊಕ್ಕು, ಬಿಸಿ ಅನಿಲವನ್ನು ಟರ್ಬೈನ್, ಅಂದರೆ ಆ ಅನಿಲದ ರಭಸಕ್ಕೆ ತಿರುಗುವ ಚಕ್ರ, ತಾಳುವಷ್ಟಕ್ಕೆ ತಣಿಸುತ್ತದೆ.